ಊರಿಗೊಂದೇ ಹಂಡೆ: ಸಾಮೂಹಿಕ ತಾಪನ ಮತ್ತು ಶೈತ್ಯ ವ್ಯವಸ್ಥೆಗೆ ಹಣ ಹೊಂದಿಸುವ ಲೆಕ್ಕ

ಹಳೆಯ ಕಾಲದ ದೊಡ್ಡ ಮನೆಗಳ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯೊಂದನ್ನು ಕಟ್ಟಿ ಕೂರಿಸಿರುತ್ತಿದ್ದರು. ಬೆಳಗಿನ ಜಾವ ಮನೆಯಲ್ಲಿ ಯಾರಾದರೊಬ್ಬರು ಎದ್ದು ಉರಿ ಹಾಕಿದರೆ ಸಾಕು, ಮನೆಮಂದಿಗೆಲ್ಲ ಬಿಸಿನೀರು ಸಿಗುತ್ತಿತ್ತು. ಹತ್ತು ಜನ ಹತ್ತು ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ನೀರು ಕಾಯಿಸಿಕೊಂಡಿದ್ದರೆ ಎಷ್ಟು ಸೌದೆ ಬೇಕಾಗುತ್ತಿತ್ತೆಂದು ಊಹಿಸಿ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅಡಿಗೆಮನೆಯ ಒಲೆಗೆ ಹೊಂದದ ತೆಂಗಿನ ಗರಿ, ಕಾಯಿಸಿಪ್ಪೆ, ಒಣಗಿದ ತರಗು ಎಲ್ಲವೂ ಹಂಡೆಯ ಒಲೆಯಲ್ಲಿ ಉರಿದು ಉಪಯೋಗಕ್ಕೆ ಬರುತ್ತಿದ್ದವು. ಬೇರೆಡೆ ವ್ಯರ್ಥವಾಗುವುದು ಇಲ್ಲಿ ಶಾಖವಾಗುತ್ತಿತ್ತು.

ಒಂದು ಮನೆಗೆ ಒಂದು ಹಂಡೆ ಇರುವಂತೆ ಒಂದು ಬಡಾವಣೆಗೆ, ಒಂದು ನಗರಕ್ಕೆ ಒಂದೇ ಹಂಡೆ ಇರಲು ಸಾಧ್ಯವೇ? ಸಾಧ್ಯ. ಹಲವು ದೇಶಗಳಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಅಂತಹ ವ್ಯವಸ್ಥೆ ಇದೆ. ಹಾಗಿದ್ದರೂ ಅದು ಎಲ್ಲ ನಗರಗಳಲ್ಲಿ ಏಕೆ ಇಲ್ಲ? ತಂತ್ರಜ್ಞಾನ ಗೊತ್ತಿಲ್ಲವೆಂದಲ್ಲ. ಹಂಡೆ ಕೊಳ್ಳಲು ಮೊದಲು ಹಣ ಹಾಕುವವರು ಯಾರು, ಹಾಕಿದ ಹಣ ಹಿಂದಕ್ಕೆ ಬರುವುದು ಹೇಗೆ ಎಂಬ ಪ್ರಶ್ನೆಯ ಬಳಿ ಬಹಳಷ್ಟು ಯೋಜನೆಗಳು ನಿಂತುಬಿಡುತ್ತವೆ. ಆ ಲೆಕ್ಕವನ್ನು ಹಾಕುವುದು ಹೇಗೆಂದು ಈ ಲೇಖನದಲ್ಲಿ ನೋಡೋಣ. ವಾಣಿಜ್ಯ ಓದುವವರಿಗೂ ವಿಜ್ಞಾನ ಓದುವವರಿಗೂ ಇದು ಸಮಾನ ಆಸಕ್ತಿಯ ವಿಷಯ.

ಏನಿದು ವ್ಯವಸ್ಥೆ?

ಚಳಿ ದೇಶಗಳಲ್ಲಿ ಮನೆಗಳನ್ನು ವರ್ಷದ ಹಲವು ತಿಂಗಳು ಬೆಚ್ಚಗಿಡಲೇಬೇಕು. ಪ್ರತಿ ಕಟ್ಟಡದಲ್ಲೂ ಒಂದೊಂದು ಬಾಯ್ಲರ್ ಇಡುವ ಬದಲು ಒಂದು ಕೇಂದ್ರ ಸ್ಥಾವರದಲ್ಲಿ ನೀರನ್ನು ಕಾಯಿಸಿ, ನೆಲದಡಿಯ ಕೊಳವೆಗಳ ಮೂಲಕ ಕಟ್ಟಡಗಳಿಗೆ ಕಳಿಸುತ್ತಾರೆ. ಆ ನೀರು ಕಟ್ಟಡದಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು, ತಣ್ಣಗಾಗಿ, ಇನ್ನೊಂದು ಕೊಳವೆಯಲ್ಲಿ ಸ್ಥಾವರಕ್ಕೆ ಮರಳುತ್ತದೆ. ಇದೇ ಸಾಮೂಹಿಕ ತಾಪನ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಎಂಬ ಊರಿನಲ್ಲಿ ಬರ್ಡ್‌ಸಿಲ್ ಹಾಲಿ ಎಂಬ ಇಂಜಿನಿಯರ್ 1877ರಲ್ಲಿ ಹಬೆಯನ್ನು ಕೊಳವೆಗಳಲ್ಲಿ ಹಂಚಿ, ಇದನ್ನು ವ್ಯಾಪಾರವಾಗಿ ನಡೆಸಬಹುದೆಂದು ತೋರಿಸಿದ. 1882ರಲ್ಲಿ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ ಆರಂಭವಾದ ಹಬೆ ಸರಬರಾಜು ಇಂದಿಗೂ ನಡೆಯುತ್ತಿದೆ. ಅಲ್ಲಿನ ರಸ್ತೆಗಳಲ್ಲಿ ಹಬೆ ಏಳುವ ದೃಶ್ಯವನ್ನು ನೀವು ಚಲನಚಿತ್ರಗಳಲ್ಲಿ ನೋಡಿರಬಹುದು.

ನಮ್ಮಂತಹ ಬಿಸಿಲಿನ ದೇಶಗಳಿಗೆ ಇದರ ತದ್ವಿರುದ್ಧ ರೂಪ ಹೊಂದುತ್ತದೆ. ಕೇಂದ್ರ ಸ್ಥಾವರದಲ್ಲಿ ನೀರನ್ನು ತಣಿಸಿ ಕಳಿಸುತ್ತಾರೆ. ಅದು ಕಟ್ಟಡಗಳೊಳಗಿನ ಸೆಕೆಯನ್ನು ಹೀರಿಕೊಂಡು ಸ್ಥಾವರಕ್ಕೆ ಮರಳುತ್ತದೆ. ಇದು ಸಾಮೂಹಿಕ ಶೈತ್ಯ ವ್ಯವಸ್ಥೆ. ತಂಪನ್ನು ಅಳೆಯುವ ಮಾನ ಟನ್. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವಷ್ಟು ಶಾಖದ ದರ ಅದು. ಇಂದಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್. ಮನೆಯ ಏರ್ ಕಂಡೀಷನರ್ ಅನ್ನು ಒಂದೂವರೆ ಟನ್ ಎನ್ನುವುದು ಯಂತ್ರದ ತೂಕದಿಂದಲ್ಲ, ಈ ಮಾನದಿಂದ.

ಒಟ್ಟುಗೂಡಿದರೆ ಏನು ಲಾಭ? ಕಚೇರಿಗಳಿಗೆ ಮಧ್ಯಾಹ್ನ ತಂಪು ಬೇಕು, ಮನೆಗಳಿಗೆ ರಾತ್ರಿ, ಚಿತ್ರಮಂದಿರಕ್ಕೆ ಸಂಜೆ. ಮೂರೂ ಬೇರೆ ಬೇರೆಯಾಗಿ 600, 400, 300 ಟನ್ನಿನ ಯಂತ್ರ ಇಟ್ಟುಕೊಂಡರೆ ಒಟ್ಟು 1,300 ಟನ್ ಆಯಿತು. ಆದರೆ ಮೂವರಿಗೂ ಒಂದೇ ಗಳಿಗೆಯಲ್ಲಿ ಪೂರ್ತಿ ತಂಪು ಬೇಕಾಗುವುದಿಲ್ಲ. ಒಂದೇ ಸ್ಥಾವರವಾದರೆ 900 ಟನ್ನಿನಲ್ಲೇ ಕೆಲಸ ನಡೆದೀತು. ಇದು ಮೊದಲನೆಯ ಲಾಭ. ದೊಡ್ಡ ಯಂತ್ರ ಅದೇ ತಂಪಿಗೆ ಕಡಿಮೆ ವಿದ್ಯುತ್ ಬಳಸುತ್ತದೆ, ಇದು ಎರಡನೆಯದು. ವಿದ್ಯುತ್ ಸ್ಥಾವರದ ವ್ಯರ್ಥ ಶಾಖ, ಕಸ ಸುಡುವ ಶಾಖ, ಕೆರೆ ಅಥವಾ ಸಮುದ್ರದ ತಣ್ಣೀರು ಇವನ್ನು ಒಂದು ಮನೆ ತಾನೇ ಬಳಸಿಕೊಳ್ಳಲಾರದು, ಒಂದು ನಗರ ಬಳಸಿಕೊಳ್ಳಬಲ್ಲದು. ಇದು ಮೂರನೆಯದು. ಹಂಡೆಯೊಲೆಗೆ ತರಗು ಹಾಕಿದಂತೆಯೇ ಇದು.

ಎಲೆ ಹಾಕುವ ಮೊದಲೇ ಅಡಿಗೆ

ಹಾಗಾದರೆ ತೊಡಕು ಎಲ್ಲಿದೆ? ಮದುವೆ ಮನೆಯ ಅಡಿಗೆಯವರನ್ನು ನೆನೆಸಿಕೊಳ್ಳಿ. ಎಷ್ಟು ಎಲೆ ಬೀಳುತ್ತದೆಂದು ಅವರು ಮುಂಚಿನ ದಿನವೇ ತಿಳಿದಿರಬೇಕು. ಸಾವಿರ ಜನಕ್ಕೆ ಅಡಿಗೆ ಮಾಡಿ ಐನೂರು ಜನ ಬಂದರೆ ನಷ್ಟ. ಐನೂರಕ್ಕೆ ಮಾಡಿ ಸಾವಿರ ಜನ ಬಂದರೆ ಅವಮಾನ. ಸಾಮೂಹಿಕ ವ್ಯವಸ್ಥೆ ಕಟ್ಟುವವರದೂ ಇದೇ ಪಾಡು. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಅತಿಥಿಗಳು ಒಂದೇ ದಿನ ಬರುವುದಿಲ್ಲ. ಹತ್ತು ವರ್ಷಗಳ ಕಾಲ ಒಬ್ಬೊಬ್ಬರಾಗಿ ಬರುತ್ತಾರೆ.

ಸ್ಥಾವರವನ್ನು ಕಂತುಕಂತಾಗಿ ಬೆಳೆಸಬಹುದು, ಒಂದು ಯಂತ್ರ ಇಟ್ಟು ಮುಂದೆ ಇನ್ನೊಂದನ್ನು ಸೇರಿಸಬಹುದು. ಆದರೆ ರಸ್ತೆ ಅಗೆದು ಹೂಳುವ ಕೊಳವೆಯನ್ನು ಎರಡು ವರ್ಷಕ್ಕೊಮ್ಮೆ ದಪ್ಪ ಮಾಡಲಾಗದು. ಕೊನೆಗೆ ಎಷ್ಟು ನೀರು ಹರಿಯಬೇಕೋ ಅಷ್ಟಕ್ಕೆ ಸಾಕಾಗುವ ಕೊಳವೆಯನ್ನು ಮೊದಲ ದಿನವೇ ಹಾಕಬೇಕು. ಲೆಕ್ಕ ತಪ್ಪಿದರೆ ಅದನ್ನು ಕಿತ್ತು ಬೇರೆಡೆ ಮಾರಲೂ ಆಗದು. ಖರ್ಚೆಲ್ಲ ಮೊದಲು, ಆದಾಯ ನಿಧಾನ, ಆಯುಷ್ಯ ಮೂವತ್ತು ನಲವತ್ತು ವರ್ಷ. ಇಂತಹ ವ್ಯವಹಾರಕ್ಕೆ ಬರಿಯ ಉತ್ಸಾಹ ಸಾಲದು, ಲೆಕ್ಕ ಬೇಕು.

ಲೆಕ್ಕದ ಮಾದರಿ

ಇಂಜಿನಿಯರರು ಸೇತುವೆ ಕಟ್ಟುವ ಮೊದಲು ಅದರ ಸಣ್ಣ ಮಾದರಿ ಮಾಡಿ ಭಾರ ಹಾಕಿ ನೋಡುತ್ತಾರೆ. ಹಣಕಾಸಿನ ಮಾದರಿಯೂ ಹಾಗೆಯೇ. ಅದು ಗಣಕಯಂತ್ರದಲ್ಲಿ ಹಾಕಿದ ದೊಡ್ಡ ಕೋಷ್ಟಕ. ಅಡ್ಡ ಸಾಲಿನಲ್ಲಿ ವರ್ಷಗಳು, ಲಂಬ ಸಾಲಿನಲ್ಲಿ ಖರ್ಚು ಮತ್ತು ಆದಾಯದ ಬಾಬುಗಳು: ಸ್ಥಾವರದ ಬೆಲೆ, ಕೊಳವೆಯ ಬೆಲೆ, ವಿದ್ಯುತ್ತಿನ ದರ, ಸಂಬಳ, ದುರಸ್ತಿ, ಪ್ರತಿ ವರ್ಷ ಸೇರುವ ಕಟ್ಟಡಗಳು, ಅವು ಕೊಡುವ ಶುಲ್ಕ, ಸಾಲದ ಬಡ್ಡಿ, ತೆರಿಗೆ. ಒಂದು ಅಂಕಿಯನ್ನು ಬದಲಾಯಿಸಿದರೆ ಕೊನೆಯ ಫಲಿತಾಂಶ ಹೇಗೆ ಬದಲಾಗುತ್ತದೆಂದು ಕೂಡಲೇ ಕಾಣುತ್ತದೆ.

ಇದರ ಬುಡದಲ್ಲಿರುವುದು ಒಂದು ಸರಳ ತತ್ವ: ಇಂದಿನ ರೂಪಾಯಿಯೂ ಮುಂದಿನ ರೂಪಾಯಿಯೂ ಒಂದೇ ಅಲ್ಲ. ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಇಂದು 100 ರೂಪಾಯಿ ಇಟ್ಟರೆ ಬರುವ ವರ್ಷ 110 ಆಗುತ್ತದೆ. ಅಂದರೆ ಬರುವ ವರ್ಷ ಸಿಗುವ 110 ರೂಪಾಯಿಯ ಇಂದಿನ ಬೆಲೆ 100. ಇದೇ ರೀತಿ ಹಿಂದಕ್ಕೆ ಲೆಕ್ಕ ಹಾಕಿದರೆ, ಹತ್ತು ವರ್ಷದ ಮೇಲೆ ಸಿಗುವ 100 ರೂಪಾಯಿಯ ಇಂದಿನ ಬೆಲೆ ಸುಮಾರು 38 ರೂಪಾಯಿ 55 ಪೈಸೆ. ಇಪ್ಪತ್ತೈದು ವರ್ಷದ ಮೇಲೆ ಸಿಗುವುದಾದರೆ ಒಂಬತ್ತು ರೂಪಾಯಿ ಚಿಲ್ಲರೆ ಮಾತ್ರ. ಮುಂದೆ ಬರುವ ಎಲ್ಲ ಆದಾಯಗಳನ್ನೂ ಹೀಗೆ ಇಂದಿನ ಬೆಲೆಗೆ ಇಳಿಸಿ, ಕೂಡಿಸಿ, ಅದರಲ್ಲಿ ಇಂದಿನ ಖರ್ಚನ್ನು ಕಳೆದರೆ ಉಳಿಯುವುದು ನಿವ್ವಳ ಇಂದಿನ ಬೆಲೆ. ಅದು ಸೊನ್ನೆಗಿಂತ ಹೆಚ್ಚಾದರೆ ಯೋಜನೆ ಗೆಲ್ಲುತ್ತದೆ, ಕಡಿಮೆಯಾದರೆ ಸೋಲುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಬಡಾವಣೆಗೆ ಶೈತ್ಯ ವ್ಯವಸ್ಥೆ ಕಟ್ಟಲು 100 ಕೋಟಿ ರೂಪಾಯಿ ಬೇಕು. ಎಲ್ಲ ಕಟ್ಟಡಗಳೂ ಸೇರಿದ ಮೇಲೆ ನಡೆಸುವ ಖರ್ಚು ಕಳೆದು ವರ್ಷಕ್ಕೆ 16 ಕೋಟಿ ಉಳಿಯುತ್ತದೆ. ಅವಧಿ 25 ವರ್ಷ, ಬಡ್ಡಿ ಶೇಕಡಾ 10.

ಮೊದಲನೆಯ ಸಂದರ್ಭ: ಎಲ್ಲ ಕಟ್ಟಡಗಳೂ ಮೊದಲ ವರ್ಷವೇ ಸೇರಿದವು. ಇಪ್ಪತ್ತೈದು ವರ್ಷದ ಆದಾಯದ ಇಂದಿನ ಬೆಲೆ ಸುಮಾರು 145 ಕೋಟಿ. ಹಾಕಿದ 100 ಕೋಟಿ ಕಳೆದರೆ ಲಾಭ 45 ಕೋಟಿ.

ಎರಡನೆಯ ಸಂದರ್ಭ: ಕಟ್ಟಡಗಳು ಮೆಲ್ಲಮೆಲ್ಲನೆ ಸೇರಿದವು. ಮೊದಲ ವರ್ಷ 4 ಕೋಟಿ, ಎರಡನೆಯ ವರ್ಷ 8, ಮೂರನೆಯ ವರ್ಷ 12, ನಾಲ್ಕನೆಯ ವರ್ಷದಿಂದ 16 ಕೋಟಿ. ಈಗ ಲಾಭ ಸುಮಾರು 25 ಕೋಟಿಗೆ ಇಳಿಯಿತು.

ಮೂರನೆಯ ಸಂದರ್ಭ: ಸ್ಥಾವರ ಸಿದ್ಧವಾಯಿತು, ಆದರೆ ಕಟ್ಟಡಗಳ ಕೆಲಸ ತಡವಾಯಿತು. ಮೊದಲ ಮೂರು ವರ್ಷ ಆದಾಯವೇ ಇಲ್ಲ. ನಾಲ್ಕನೆಯ ವರ್ಷದಿಂದ ಮೇಲಿನಂತೆಯೇ 4, 8, 12, ಆಮೇಲೆ 16. ಈಗ ಲೆಕ್ಕ ಹಾಕಿದರೆ ಸುಮಾರು 10 ಕೋಟಿ ನಷ್ಟ!

ಇಲ್ಲಿ ನಿಂತು ಸ್ವಲ್ಪ ಯೋಚಿಸಿ. ಯಂತ್ರ ಅದೇ, ಕೊಳವೆ ಅದೇ, ಕೊನೆಗೆ ಬಂದ ಗ್ರಾಹಕರೂ ಅವರೇ. ಯಾರೂ ಮೋಸ ಮಾಡಲಿಲ್ಲ, ಯಾವ ಯಂತ್ರವೂ ಕೆಡಲಿಲ್ಲ. ಬರಿಯ ಮೂರು ವರ್ಷದ ವಿಳಂಬ 25 ಕೋಟಿಯ ಲಾಭವನ್ನು 10 ಕೋಟಿಯ ನಷ್ಟವನ್ನಾಗಿ ಮಾಡಿತು. ಈ ವ್ಯವಹಾರದಲ್ಲಿ ಕಾಲವೇ ದೊಡ್ಡ ಖರ್ಚು ಎನ್ನುವುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಅಂಕಿಯನ್ನು ಬದಲಾಯಿಸೋಣ. ಮೂರನೆಯ ಸಂದರ್ಭದಲ್ಲೇ, ಅದೇ ವಿಳಂಬದೊಡನೆ, ಹಣ ಶೇಕಡಾ 10ರ ಬದಲು ಶೇಕಡಾ 6ರ ಬಡ್ಡಿಗೆ ಸಿಕ್ಕಿತು ಎಂದುಕೊಳ್ಳಿ. ಆಗ ಫಲಿತಾಂಶ ಸುಮಾರು 43 ಕೋಟಿ ಲಾಭ! ಅಗ್ಗದ ಸಾಲಕ್ಕೆ ಇರುವ ಶಕ್ತಿ ಇದು. ಇದನ್ನು ನೆನಪಿನಲ್ಲಿಡಿ, ಡೆನ್ಮಾರ್ಕಿನ ಕಥೆಗೆ ಇದು ಬೇಕಾಗುತ್ತದೆ.

ಸಾಲ ಕೊಡುವವರು ನೋಡುವುದೇನು?

ಯೋಜನೆಯ ಒಡೆಯರು ಕೊನೆಯ ಲಾಭವನ್ನು ನೋಡಿದರೆ ಬ್ಯಾಂಕಿನವರು ಪ್ರತಿ ವರ್ಷದ ಕಂತನ್ನು ನೋಡುತ್ತಾರೆ. ನಮ್ಮ ಉದಾಹರಣೆಯ 100 ಕೋಟಿಯಲ್ಲಿ 30 ಕೋಟಿ ಒಡೆಯರ ಸ್ವಂತ ಬಂಡವಾಳ, 70 ಕೋಟಿ ಸಾಲ ಎಂದಿಟ್ಟುಕೊಳ್ಳೋಣ. ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷಕ್ಕೆ ತೀರಿಸುವುದಾದರೆ ಅಸಲು ಬಡ್ಡಿ ಸೇರಿ ವರ್ಷದ ಕಂತು ಸುಮಾರು 9.2 ಕೋಟಿ. ವರ್ಷದ ಉಳಿಕೆಯನ್ನು ಈ ಕಂತಿನಿಂದ ಭಾಗಿಸಿದರೆ ಸಾಲ ತೀರಿಸುವ ಶಕ್ತಿಯ ಅನುಪಾತ ಸಿಗುತ್ತದೆ. ಉಳಿಕೆ 16 ಕೋಟಿ ಇದ್ದಾಗ ಅನುಪಾತ 1.74, ಅದು ನೆಮ್ಮದಿಯ ಸ್ಥಿತಿ. ಆದರೆ ಎರಡನೆಯ ಸಂದರ್ಭದ ಮೊದಲ ವರ್ಷದ ಉಳಿಕೆ 4 ಕೋಟಿ ಮಾತ್ರ. ಎರಡನೆಯ ವರ್ಷದ 8 ಕೋಟಿಯೂ ಕಂತಿಗೆ ಸಾಲದು. ಇಪ್ಪತ್ತೈದು ವರ್ಷದ ಲೆಕ್ಕದಲ್ಲಿ ಗೆಲ್ಲುವ ಯೋಜನೆ ಮೊದಲ ವರ್ಷವೇ ಬಾಕಿದಾರನಾಗಿ ನಿಲ್ಲುತ್ತದೆ.

ಇದಕ್ಕೆ ಪರಿಹಾರ ಸಾಲದ ಆಕಾರವನ್ನು ಬದಲಾಯಿಸುವುದು. ಮೊದಲ ಮೂರು ವರ್ಷ ಅಸಲಿಗೆ ಬಿಡುವು ಕೊಟ್ಟು ಬಡ್ಡಿಯನ್ನು ಮಾತ್ರ ಕೇಳಿದರೆ ವರ್ಷಕ್ಕೆ 7 ಕೋಟಿ ಸಾಕು. ಮೊದಲ ವರ್ಷ ಬೀಳುವ 3 ಕೋಟಿ ಕೊರತೆಗೆ ಮುಂಚೆಯೇ ಒಂದು ಮೀಸಲು ನಿಧಿ ತೆಗೆದಿಡಬಹುದು. ಎರಡನೆಯ ವರ್ಷದಿಂದ ಬಡ್ಡಿ ಕಟ್ಟಲು ತೊಂದರೆಯಿಲ್ಲ. ಉಳಿದ 12 ವರ್ಷದ ಕಂತು ಸುಮಾರು 10.3 ಕೋಟಿಗೆ ಏರುತ್ತದೆ. ಆದರೆ ಆ ಹೊತ್ತಿಗೆ 16 ಕೋಟಿ ಬರುತ್ತಿರುವುದರಿಂದ ಭಾರವಾಗುವುದಿಲ್ಲ. ಹಸು ಕೊಳ್ಳಲು ಸಾಲ ಕೊಟ್ಟವರು ಅದು ಕರು ಹಾಕಿ ಹಾಲು ಕೊಡುವವರೆಗೆ ಕಾಯುವುದಿಲ್ಲವೇ? ಹಾಗೆಯೇ ಇದು.

ಅಪಾಯವನ್ನು ಹಂಚಿಕೊಂಡವರ ಕಥೆಗಳು

ಕಾಗದದ ಮೇಲಿನ ಈ ಲೆಕ್ಕವನ್ನು ಬೇರೆ ಬೇರೆ ನಗರಗಳು ಬೇರೆ ಬೇರೆ ರೀತಿಯಲ್ಲಿ ಬಿಡಿಸಿವೆ.

ಡೆನ್ಮಾರ್ಕಿನ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ 1903ರಲ್ಲೇ ಕಸ ಸುಟ್ಟ ಶಾಖವನ್ನು ಆಸ್ಪತ್ರೆಗೆ ಕೊಡಲಾರಂಭಿಸಿದರು. ಆದರೆ ದೇಶವೆಲ್ಲ ಎಚ್ಚೆತ್ತದ್ದು 1973ರ ತೈಲ ಬಿಕ್ಕಟ್ಟಿನಲ್ಲಿ. ಆಗ ಆ ದೇಶದ ಶಕ್ತಿಯ ಶೇಕಡಾ 90ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುವ ತೈಲವಾಗಿತ್ತು. 1979ರಲ್ಲಿ ಶಾಖ ಸರಬರಾಜು ಕಾಯಿದೆ ಬಂತು. ಯಾವ ಪ್ರದೇಶಕ್ಕೆ ಯಾವ ರೀತಿಯ ತಾಪನ ಎಂದು ನಗರಸಭೆಗಳು ನಕ್ಷೆ ಹಾಕಿದವು. ಬಹಳ ವರ್ಷ ಕಟ್ಟಡಗಳು ಕೊಳವೆಗೆ ಸೇರಲೇಬೇಕೆಂದು ಕಡ್ಡಾಯ ಮಾಡುವ ಅಧಿಕಾರವೂ ಅವಕ್ಕಿತ್ತು. ಹೊಸದಾಗಿ ಹಾಗೆ ಕಡ್ಡಾಯ ಹೇರುವ ಅಧಿಕಾರವನ್ನು ಇತ್ತೀಚಿನ ವರ್ಷಗಳಲ್ಲಿ ತೆಗೆದುಹಾಕಿದ್ದಾರೆ. ಎಷ್ಟು ಎಲೆ ಎಂಬ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಬಡ್ಡಿಯ ಪ್ರಶ್ನೆಗೂ ಉತ್ತರವಿತ್ತು. ನಗರಸಭೆಗಳು ಸೇರಿ 1898ರಲ್ಲೇ ಕಟ್ಟಿಕೊಂಡ ಕೊಮ್ಯೂನೆಕ್ರೆಡಿಟ್ ಎಂಬ ಸಂಸ್ಥೆ ಸದಸ್ಯರೆಲ್ಲರ ಜಂಟಿ ಹೊಣೆಯ ಬಲದಿಂದ ಕಡಿಮೆ ಬಡ್ಡಿಗೆ ಹಣ ಎತ್ತುತ್ತದೆ. ಶಾಖ ಸಂಘಗಳಿಗೆ ನಗರಸಭೆಯ ಜಾಮೀನಿನ ಮೇಲೆ ಸಾಲ ಕೊಡುತ್ತದೆ. ಕೊಳವೆಗಳ ಒಡೆತನ ಬಹುಪಾಲು ನಗರಸಭೆಗಳದು ಅಥವಾ ಬಳಕೆದಾರರ ಸಹಕಾರ ಸಂಘಗಳದು. ದರ ಖರ್ಚನ್ನು ತುಂಬಬೇಕು, ಅದರ ಮೇಲೆ ಲಾಭ ಹೊಡೆಯಬಾರದು ಎಂಬುದು ಅಲ್ಲಿನ ನಿಯಮ. ಇಂದು ಡೆನ್ಮಾರ್ಕಿನ ಸುಮಾರು ಮೂರನೆಯ ಎರಡರಷ್ಟು ಮನೆಗಳಿಗೆ ಸಾಮೂಹಿಕ ತಾಪನವಿದೆ.

ಅಲ್ಲಿಯೂ ಲೆಕ್ಕ ಸದಾ ಸರಿಹೋಯಿತೆಂದಲ್ಲ. ಕೋಪನ್‌ಹೇಗನ್ನಿನಲ್ಲಿ 2017ರಲ್ಲಿ ಆರಂಭವಾದ ಕಸ ಸುಡುವ ಸ್ಥಾವರ ಊರಿನ ಕಸಕ್ಕೆ ಮೀರಿದ ಗಾತ್ರದ್ದೆಂಬ ಟೀಕೆಗೆ ಗುರಿಯಾಯಿತು. ಅದಕ್ಕೆ ಹೊರದೇಶದಿಂದಲೂ ಕಸ ತರಿಸಬೇಕಾಯಿತು.

ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಕಡ್ಡಾಯ ಮಾಡುವ ದಾರಿ ಇರಲಿಲ್ಲ. ಮೇಯರ್ ಜಾರ್ಜ್ ಲ್ಯಾಟಿಮರ್ ಅವರ ಕಾಲದಲ್ಲಿ ನಗರ, ರಾಜ್ಯ ಮತ್ತು ಕೇಂದ್ರ ಸರಕಾರಗಳು ಕೂಡಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿದವು. ಸಾಲದ ಬಾಂಡ್‌ಗಳನ್ನು ಮಾರುವ ಮೊದಲು ಕಟ್ಟಡಗಳ ಮಾಲೀಕರ ಬಳಿಗೆ ಹೋಗಿ ಮಾತನಾಡಿ, ದೀರ್ಘಾವಧಿಯ ಒಪ್ಪಂದಗಳಿಗೆ ಸಹಿ ಪಡೆದರು. ಬಾಂಡ್ ಕೊಳ್ಳುವವರಿಗೆ ಆ ಸಹಿಗಳೇ ಭರವಸೆ. 1983ರಲ್ಲಿ ಬಿಸಿನೀರು ಹರಿಯಿತು. 1993ರಲ್ಲಿ ಅದೇ ಸಂಸ್ಥೆ ತಂಪಿನ ಸರಬರಾಜನ್ನೂ ಆರಂಭಿಸಿತು.

ಸಿಂಗಪುರದ ಮರೀನಾ ಬೇ ಪ್ರದೇಶದಲ್ಲಿ ಕಾನೂನೇ ದಾರಿ ತೋರಿತು. 2001ರಲ್ಲಿ ಕಾಯಿದೆ ಮಾಡಿ, 2006ರಲ್ಲಿ ಸರಬರಾಜು ಆರಂಭಿಸಿದರು. ಅಲ್ಲಿ ವಾಣಿಜ್ಯ ಕಟ್ಟಡಗಳು ಸೇರಲೇಬೇಕು. ಅದಕ್ಕೆ ಪ್ರತಿಯಾಗಿ ದರದ ಮೇಲೆ ಸರಕಾರದ ನಿಯಂತ್ರಣವಿದೆ.

ಕೆನಡಾದ ಟೊರಾಂಟೊ ನಗರದವರು ಖರ್ಚನ್ನೇ ಹಂಚಿಕೊಂಡರು. ಒಂಟಾರಿಯೊ ಸರೋವರದ 83 ಮೀಟರ್ ಆಳದಲ್ಲಿ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 2004ರಿಂದ ಆ ನೀರನ್ನು ಮೇಲೆತ್ತಿ, ಅದರ ತಂಪನ್ನು ಕಟ್ಟಡಗಳಿಗೆ ಕೊಟ್ಟು, ಅನಂತರ ಅದೇ ನೀರನ್ನು ಊರಿನ ಕುಡಿಯುವ ನೀರಿಗೆ ಬಳಸುತ್ತಾರೆ. ಒಂದೇ ಕೊಳವೆ, ಎರಡು ಕೆಲಸ. ಆಗ ಆ ಸಂಸ್ಥೆಯ ಒಡೆತನ ನಗರಸಭೆ ಮತ್ತು ನಗರಸಭಾ ನೌಕರರ ಪಿಂಚಣಿ ನಿಧಿಯದಾಗಿತ್ತು. ಪಿಂಚಣಿ ನಿಧಿಗೆ ಇಂತಹ ಯೋಜನೆ ಹಿಡಿಸುವುದು ಸಹಜ. ಮೂವತ್ತು ವರ್ಷದ ಮೇಲೆ ಪಿಂಚಣಿ ಕೊಡಬೇಕಾದವರಿಗೆ ಮೂವತ್ತು ವರ್ಷ ನಿಧಾನವಾಗಿ ಆದಾಯ ತರುವ ಆಸ್ತಿ ಬೇಕು.

ಸಲಹೆಗಾರರ ಕೆಲಸ

ನಗರಸಭೆಯೊಂದಕ್ಕೆ ಇಷ್ಟೆಲ್ಲ ಲೆಕ್ಕ ತಾನೇ ಹಾಕಿಕೊಳ್ಳುವುದು ಕಷ್ಟ. ಆದ್ದರಿಂದ ಮೂರು ಬಗೆಯ ಸಲಹೆಗಾರರ ನೆರವು ಬೇಕಾಗುತ್ತದೆ. ಇಂಜಿನಿಯರರು ಯಾವ ಕಟ್ಟಡಕ್ಕೆ ಎಷ್ಟು ಶಾಖ ಅಥವಾ ತಂಪು ಬೇಕೆಂದು ಅಳೆದು ನಕ್ಷೆ ಮಾಡುತ್ತಾರೆ. ಹಣಕಾಸು ತಜ್ಞರು ಮಾದರಿ ಕಟ್ಟಿ, ಸಾಲ, ಅನುದಾನ ಮತ್ತು ಬಂಡವಾಳ ಎಷ್ಟೆಷ್ಟು ಬೇಕೆಂದು ಹೇಳುತ್ತಾರೆ. ಕಾನೂನು ತಜ್ಞರು ಒಪ್ಪಂದಗಳನ್ನು ಬರೆಯುತ್ತಾರೆ: ಕಟ್ಟಡದ ಕೆಲಸ ತಡವಾದರೆ ನಷ್ಟ ಯಾರದು, ವಿದ್ಯುತ್ ದರ ಏರಿದರೆ ಶುಲ್ಕ ಏರುವುದೇ, ನೀರು ನಿಂತರೆ ದಂಡವೆಷ್ಟು ಎಂದೆಲ್ಲ.

ಸಲಹೆಯಲ್ಲಿ ಅತಿ ಮುಖ್ಯವಾದ ನಿಯಮ ಒಂದಿದೆ. ಯಾವ ಅಪಾಯವನ್ನು ಯಾರು ತಡೆಯಬಲ್ಲರೋ ಅದನ್ನು ಅವರೇ ಹೊರಬೇಕು. ಸ್ಥಾವರ ತಡವಾಗದಂತೆ ನೋಡಿಕೊಳ್ಳುವುದು ಗುತ್ತಿಗೆದಾರನ ಕೈಯಲ್ಲಿದೆ, ಆ ಹೊಣೆ ಅವನದು. ರಸ್ತೆ ಅಗೆಯುವ ಅನುಮತಿ ನಗರಸಭೆಯ ಕೈಯಲ್ಲಿದೆ, ಆ ಹೊಣೆ ಅದರದು. ಯಾರ ಕೈಯಲ್ಲೂ ಇಲ್ಲದ ಅಪಾಯಕ್ಕೆ ಸರಕಾರದ ಅನುದಾನವೋ ಜಾಮೀನೋ ಬೇಕಾಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮಾದರಿಯೆಂಬುದು ಹಾಕಿದ ಅಂಕಿಗಳಷ್ಟೇ ಪ್ರಾಮಾಣಿಕ. ಯೋಜನೆ ಆಗಲೇಬೇಕೆಂಬ ಆಸೆಯಿರುವವರು ಎಲ್ಲ ಕಟ್ಟಡಗಳೂ ಬೇಗ ಸೇರುತ್ತವೆಂದು ಬರೆಯುತ್ತಾರೆ. ಕೋಷ್ಟಕ ಅದನ್ನು ನಂಬಿ ಲಾಭ ತೋರಿಸುತ್ತದೆ. ಆದ್ದರಿಂದ ಒಳ್ಳೆಯ ಸಲಹೆಗಾರ ಒಂದೇ ಉತ್ತರ ಕೊಡುವುದಿಲ್ಲ. ಗ್ರಾಹಕರು ತಡವಾದರೆ, ಖರ್ಚು ಹೆಚ್ಚಾದರೆ, ಬಡ್ಡಿ ಏರಿದರೆ ಏನಾಗುತ್ತದೆಂದು ಒಂದೊಂದನ್ನೇ ಬದಲಿಸಿ ತೋರಿಸುತ್ತಾನೆ. ಬೇಡವೆನ್ನಬೇಕಾದಲ್ಲಿ ಬೇಡವೆಂದು ಹೇಳುವುದೂ ಅವನ ಕೆಲಸ.

ಕೊನೆಯಲ್ಲಿ ಬಳಕೆದಾರನನ್ನು ಮರೆಯಬಾರದು. ಕೊಳವೆ ಒಂದೇ ಇರುವಾಗ ಇನ್ನೊಬ್ಬ ಮಾರಾಟಗಾರನ ಬಳಿಗೆ ಹೋಗಲು ಅವನಿಗೆ ದಾರಿಯಿಲ್ಲ. ಹೂಡಿಕೆದಾರನಿಗೆ ಭರವಸೆ ಕೊಡುವ ದೀರ್ಘ ಒಪ್ಪಂದವೇ ಬಾಡಿಗೆ ಮನೆಯ ಬಡವನಿಗೆ ಕಟ್ಟುಪಾಡಾಗಬಹುದು. ಬ್ರಿಟನ್ನಿನಲ್ಲಿ ವಿದ್ಯುತ್ ಮತ್ತು ಅನಿಲಕ್ಕೆ ಇದ್ದ ದರ ರಕ್ಷಣೆ ಬಹಳ ಕಾಲ ಸಾಮೂಹಿಕ ತಾಪನದ ಗ್ರಾಹಕರಿಗೆ ಇರಲಿಲ್ಲ. 2023ರ ಶಕ್ತಿ ಕಾಯಿದೆಯ ಮೂಲಕ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆಗೆ ಈ ಹೊಣೆ ವಹಿಸಿದರು. ಹಣ ಹಾಕುವವನ ಭದ್ರತೆಗೂ ಹಣ ಕಟ್ಟುವವನ ನ್ಯಾಯಕ್ಕೂ ಸಮತೂಕ ಇರಬೇಕು.

ನಮ್ಮ ದೇಶದಲ್ಲಿ

ಭಾರತ ಸರಕಾರ 2019ರಲ್ಲಿ ಪ್ರಕಟಿಸಿದ ಶೈತ್ಯ ಕ್ರಿಯಾ ಯೋಜನೆಯ ಅಂದಾಜಿನಂತೆ, 2017-18ಕ್ಕೆ ಹೋಲಿಸಿದರೆ 2037-38ರ ಹೊತ್ತಿಗೆ ದೇಶದ ಒಟ್ಟು ತಂಪಿನ ಬೇಡಿಕೆ ಸುಮಾರು ಎಂಟು ಪಟ್ಟು ಆಗುತ್ತದೆ. ಕಟ್ಟಡಗಳಲ್ಲಂತೂ ಅದು ಸುಮಾರು ಹನ್ನೊಂದು ಪಟ್ಟು. ಪ್ರತಿ ಕಿಟಕಿಗೂ ಒಂದೊಂದು ಯಂತ್ರ ತೂಗುಹಾಕಿ ಇಷ್ಟನ್ನು ಪೂರೈಸಿದರೆ ವಿದ್ಯುತ್ ಎಲ್ಲಿಂದ ಬರಬೇಕು? ಆ ಯಂತ್ರಗಳು ಬೀದಿಗೆ ಚೆಲ್ಲುವ ಬಿಸಿಗಾಳಿಯಲ್ಲಿ ಯಂತ್ರವಿಲ್ಲದವರು ಬದುಕುವುದು ಹೇಗೆ?

ಗುಜರಾತಿನ ಗಿಫ್ಟ್ ಸಿಟಿಯಲ್ಲಿ 2015ರಲ್ಲಿ ದೇಶದ ಮೊದಲ ನಗರಮಟ್ಟದ ಸಾಮೂಹಿಕ ಶೈತ್ಯ ವ್ಯವಸ್ಥೆ ಕೆಲಸ ಆರಂಭಿಸಿತು. ಹೊಸದಾಗಿ ಕಟ್ಟುವ ಊರಾದ್ದರಿಂದ ಕೊಳವೆಗಳಿಗೆಂದೇ ನೆಲದಡಿಯ ಸುರಂಗ ಮಾಡಲು ಸಾಧ್ಯವಾಯಿತು. ಸ್ಥಾವರವನ್ನು ಕಟ್ಟಡಗಳು ಏಳುತ್ತ ಹೋದಂತೆ ಹಂತಹಂತವಾಗಿ ಬೆಳೆಸುವ ಯೋಜನೆ ಮಾಡಿದರು. ನಮ್ಮ ಮೂರನೆಯ ಸಂದರ್ಭದ ನಷ್ಟವನ್ನು ತಪ್ಪಿಸುವ ಉಪಾಯ ಇದೇ ಅಲ್ಲವೇ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ರಾಜಕೋಟ್, ಠಾಣೆ, ಪುಣೆ, ಭೋಪಾಲ್, ಕೊಯಮತ್ತೂರು ನಗರಗಳಲ್ಲಿ ಇಂತಹ ವ್ಯವಸ್ಥೆಗೆ ಇರುವ ಅವಕಾಶವನ್ನು ಅಧ್ಯಯನ ಮಾಡಲು ನೆರವಾಗಿದೆ. ಹಳೆಯ ಊರುಗಳಲ್ಲಿ ರಸ್ತೆ ಅಗೆದು ಕೊಳವೆ ಹಾಕುವುದು ಕಷ್ಟ. ಹೊಸ ಬಡಾವಣೆ, ಆಸ್ಪತ್ರೆ, ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ ಇವುಗಳ ನಕ್ಷೆ ಹಾಕುವಾಗಲೇ ಯೋಚಿಸಿದರೆ ಸುಲಭ.

ನೀವೇ ಮಾಡಿ ನೋಡಿ

ಮೇಲಿನ ಮೂರನೆಯ ಸಂದರ್ಭವನ್ನು ನಿಮ್ಮ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಬಡ್ಡಿ ಶೇಕಡಾ 8 ಎಂದು ಹಿಡಿದು, ಪ್ರತಿ ವರ್ಷದ ಆದಾಯವನ್ನು 1.08ರಿಂದ ಅಷ್ಟೇ ಬಾರಿ ಭಾಗಿಸುತ್ತ ಹೋಗಿ. ಎಲ್ಲವನ್ನೂ ಕೂಡಿಸಿ 100 ಕೋಟಿ ಕಳೆಯಿರಿ. ಸುಮಾರು 13 ಕೋಟಿ ಲಾಭ ಬಂದರೆ ನಿಮ್ಮ ಲೆಕ್ಕ ಸರಿ. ಶೇಕಡಾ 8ರಲ್ಲಿ ಲಾಭ, ಶೇಕಡಾ 10ರಲ್ಲಿ ನಷ್ಟ ಎಂದಮೇಲೆ ನಡುವೆ ಎಲ್ಲೋ ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಡ್ಡಿಯೊಂದು ಇರಲೇಬೇಕು. ಹುಡುಕಿದರೆ ಅದು ಶೇಕಡಾ 9ರ ಆಸುಪಾಸಿನಲ್ಲಿ ಸಿಗುತ್ತದೆ. ಅದೇ ಈ ಯೋಜನೆಯ ಆಂತರಿಕ ಪ್ರತಿಫಲ ದರ. ಅದಕ್ಕಿಂತ ಅಗ್ಗವಾಗಿ ಹಣ ಸಿಕ್ಕರೆ ಯೋಜನೆ ಬದುಕುತ್ತದೆ.

ಆಮೇಲೆ ನಿಮ್ಮ ಕಾಲೇಜಿನ ಸುತ್ತ ಒಮ್ಮೆ ತಿರುಗಾಡಿ ಬನ್ನಿ. ಹತ್ತಿರದಲ್ಲಿ ಆಸ್ಪತ್ರೆ ಇದೆಯೇ, ಕಚೇರಿಗಳಿವೆಯೇ, ವಿದ್ಯಾರ್ಥಿನಿಲಯ ಇದೆಯೇ? ಯಾರಿಗೆ ಯಾವ ಹೊತ್ತಿನಲ್ಲಿ ತಂಪು ಬೇಕು? ಒಂದು ಹಾಳೆಯ ಮೇಲೆ ಬರೆದು ನೋಡಿ. ಡೆನ್ಮಾರ್ಕಿನ ನಗರಸಭೆಗಳ ನಕ್ಷೆಯೂ ಇಂತಹ ಪ್ರಶ್ನೆಗಳಿಂದಲೇ ಶುರುವಾಯಿತು. ಹಂಡೆ ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸುವ ಮೊದಲು ಮನೆಯಲ್ಲಿ ಎಷ್ಟು ಜನರಿದ್ದಾರೆ, ಯಾರು ಎಷ್ಟು ಹೊತ್ತಿಗೆ ಸ್ನಾನಕ್ಕೆ ಬರುತ್ತಾರೆ ಎಂದು ಎಣಿಸಬೇಕು. ಹಂಡೆ ದೊಡ್ಡದಾದರೂ ಚಿಕ್ಕದಾದರೂ ಈ ಎಣಿಕೆ ತಪ್ಪುವುದಿಲ್ಲ.